ಎಡಗಡೆಯ ಬಾಡಿಗೆದಾರ

ದೊಡ್ಡತ್ತಿಗೆ ಕಾಲುಚೀಲವೊಂದನ್ನು ಉಂಡೆ ಕಟ್ಟಿ ಸತ್ತವಳ ಒಳಂಗಿಯ ಎಡಬದಿಗೆ ತುರುಕುತ್ತಿದ್ದಳು. ಒಂದು ಉಂಡೆ ಸಾಲದೆ ಇನ್ನೊಂದಕ್ಕೆ ಕೈ ಚಾಚಿದ ಹೊತ್ತಿಗೆ ಸತ್ತವಳ ತಂಗಿ ಬಿಸಿನೀರಿನ ಬೋಗುಣಿ ಹಿಡಿದು ಕೋಣೆಯೊಳಗೆ ಬಂದಳು.

"ಏನ್ ಮಾಡ್ತಿದೀರಾ ಅತ್ತಿಗೆ?"

"ಬಾಗಿಲು ಹಾಕು ಮೊದ್ಲು. ಹೊರಗೆ ಗಂಡಸರು ಓಡಾಡ್ತಿದಾರೆ."

ತಂಗಿ ಹಿಮ್ಮಡಿಯಿಂದ ಬಾಗಿಲು ನೂಕಿದಳು. ಬೋಗುಣಿಯ ನೀರು ತುಳುಕಿ ಅವಳ ಪಾದದ ಮೇಲೆ ಬಿತ್ತು.

"ಬಾಗಿಲಿನ ವಿಷಯ ಕೇಳ್ಲಿಲ್ಲ ನಾನು. ಕೈಯಲ್ಲಿ ಅದೇನು?"

"ಕಣ್ಣು ಕಾಣಲ್ವಾ? ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಹಾಗೇ ಮಲಗಿಸಿದ್ರೆ ನೋಡೋಕೆ ಬಂದೋರು ಏನಂದ್ಕೋತಾರೆ? ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

ಆಡುವವರ ಬಾಯಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ದೊಡ್ಡತ್ತಿಗೆಯದೇ ಎಂಬುದು ಆ ಮನೆಗೆ ಬಂದುಹೋಗುವ ಎಲ್ಲರಿಗೂ ಗೊತ್ತಿತ್ತು. ಅವಳು ಭಾವನ, ಅಂದರೆ ಸತ್ತವಳ ಗಂಡನ, ಅಕ್ಕ. ತಮ್ಮನ ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಬಂದವಳೇ ತೋಳೇರಿಸಿ ಯಜಮಾನಿಕೆ ವಹಿಸಿಕೊಳ್ಳುತ್ತಿದ್ದಳು. ಯಾರೂ ಕೇಳದಿದ್ದರೂ ಆಯಿತು, ಬೇಡವೆಂದರೂ ಆಯಿತು.

ಮಂಚದ ಮೇಲೆ ಅಕ್ಕ ಮಲಗಿದ್ದಳು. ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಉಸಿರು ನಿಂತಿತ್ತು. ಬೆಳಿಗ್ಗೆ ಮನೆಗೆ ತಂದಿದ್ದರು, ಮಧ್ಯಾಹ್ನ ಮಣ್ಣು ಮಾಡುವುದಿತ್ತು. ಮುಖ ಸೊರಗಿ ಬೇರೆ ಯಾರದೋ ಆಗಿಹೋಗಿತ್ತು. ತೋಳುಗಳು ಮಾತ್ರ ಅವಳವೇ. ಬೇಕರಿಯಲ್ಲಿ ಹೆಣ್ಣುಮಕ್ಕಳೆಲ್ಲ ಬನ್ನಿಗೆ ಸಕ್ಕರೆ ಸವರುವ ಕೆಲಸದಲ್ಲಿದ್ದಾಗ, ಹಿಟ್ಟಿನ ಮೇಜು ನನಗೇ ಬೇಕು ಎಂದು ಹಟ ಹಿಡಿದು, ವರ್ಷಾನುಗಟ್ಟಲೆ ಹಿಟ್ಟು ನಾದಿ ನಾದಿ ಮೊಣಕೈಯವರೆಗೆ ಗಟ್ಟಿಯಾದ ತೋಳುಗಳು. ಐದು ವರ್ಷದ ಹಿಂದೆ ಕ್ಯಾನ್ಸರೆಂದು ಎಡಗಡೆಯ ಮೊಲೆ ತೆಗೆದಿದ್ದರು. ಅಲ್ಲಿ ಚರ್ಮದೊಳಗೆ ಸಿಲಿಕೋನಿನ ಇಂಪ್ಲಾಂಟ್ ಕೂರಿಸಿದ್ದರು, ಅದು ಕೆಟ್ಟು ಅದನ್ನೂ ತೆಗೆದಿದ್ದರು. ಕಳೆದ ವರ್ಷ ಕಾಯಿಲೆ ಶ್ವಾಸಕೋಶಕ್ಕೆ ಬಂತು. ಈ ಸಲ ತೆಗೆಯಲು ಏನೂ ಇರಲಿಲ್ಲ.

ತಂಗಿ ಬೋಗುಣಿ ಕೆಳಗಿಟ್ಟು, ಒಳಂಗಿಯೊಳಗೆ ಬೆರಳು ಹಾಕಿ ಕಾಲುಚೀಲ ಎಳೆದಳು. ಅದು ಭಾವನದು, ಬೂದು ಬಣ್ಣದ್ದು. ಅವಳಿಗೆ ಪಿತ್ತ ನೆತ್ತಿಗೇರಿತು.

"ಅವಳು ಬೇಡ ಅಂದಿದಾಳೆ. ವಾರ್ಡಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದಾಳೆ. ಎಡಗಡೆ ಏನೂ ಇಡ್ಬೇಡಿ, ಹೀಗೇ ಕಳಿಸಿ ಅಂತ. ನಾನು ಆಗ್ಲಿ ಅಂದಿದೀನಿ."

"ಸಾಯೋರು ಏನೇನೋ ಹೇಳ್ತಾರೆ."

"ಬದುಕಿದ್ದಾಗ ಹೇಳಿದ್ದನ್ನ ಯಾರು ಕೇಳಿದ್ರಿ ನೀವು?"

ಬೀರುವಿನ ಪಕ್ಕ ಅಕ್ಕನ ಮಗಳು ನಿಂತಿದ್ದಳು. ಹದಿನೇಳರ ಹುಡುಗಿ, ಅತ್ತು ಅತ್ತು ಮೂಗು ಕೆಂಪಾಗಿತ್ತು. ಜೋಡಿಯ ಇನ್ನೊಂದು ಕಾಲುಚೀಲ ಅವಳ ಕೈಯಲ್ಲಿತ್ತು.

"ಅಪ್ಪ ಹೇಳಿದ್ರು ಚಿಕ್ಕಮ್ಮ, ಅತ್ತೆ ಕೇಳಿದ್ದು ಕೊಡು ಅಂತ," ಎಂದಳು.

ಅಷ್ಟರಲ್ಲಿ ಭಾವನೇ ಬಂದ. ಕಪ್ಪು ಕೋಟು, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಗಾಜಿನ ಕಿಟಕಿಯ ಗೊಂಬೆಗಳಿಗೆ ಉಡುಪು ತೊಡಿಸುವುದು ಅವನ ಕೆಲಸ. ಅಂಗಿ ಸಡಿಲವಾದರೆ ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡುತ್ತಾನೆ. ಬೀದಿಯಲ್ಲಿ ನಿಂತವರಿಗೆ ಮುಂಭಾಗ ತಾನೇ ಕಾಣುವುದು. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅಂಗಡಿಯವರೇ ಹೇಳುತ್ತಿದ್ದರು.

ಅವನು ತಂಗಿಯ ಕೈಯಲ್ಲಿದ್ದ ಕಾಲುಚೀಲ ನೋಡಿ ಮುಖ ಕಿವುಚಿದ.

"ಇದೆಂಥದು ಅಕ್ಕಾ? ಕಾಲುಚೀಲ ಹಾಕ್ತಾರಾ ಯಾರಾದ್ರೂ? ತೆಗೀರಿ ಅದನ್ನ."

ತಂಗಿಯ ಜೀವ ತಣ್ಣಗಾಯಿತು. ಹನ್ನೊಂದು ವರ್ಷ ಊರ ಬಸ್ಸು ಓಡಿಸಿದವಳು. ಅಡ್ಡ ನುಗ್ಗುವವರನ್ನು ಬೈದು ಬೈದು ಬಾಯಿ ಜೋರಾಗಿತ್ತು. ಭಾವನನ್ನೂ ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದಳು. ಇವತ್ತು ಮಾತ್ರ ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದುಕೊಂಡಳು.

ಭಾವ ಕುರ್ಚಿ ಎಳೆದು ಹತ್ತಿ ಬೀರುವಿನ ಮೇಲಿಂದ ಒಂದು ಗುಂಡು ಡಬ್ಬಿ ಇಳಿಸಿದ. ಮುಚ್ಚಳ ತೆಗೆದ. ಒಳಗೆ ಮೈಬಣ್ಣದ, ಮೆತ್ತನೆಯ, ತೂಕದ ಸಿಲಿಕೋನ್ ಪ್ಯಾಡು, ಒಳಂಗಿಗೆ ಸಿಕ್ಕಿಸುವಂಥದು.

"ಇದಿರೋವಾಗ ಕಾಲುಚೀಲ ಯಾಕೆ?"

"ಭಾವ, ಬೇಡ. ಅವಳು ಹೇಳಿದಾಳೆ, ಬೇಡ."

"ನಂಗೂ ಹೇಳಿದ್ಲು." ಅವನು ಡಬ್ಬಿಯಿಂದ ಪ್ಯಾಡು ಎತ್ತಿಕೊಂಡ. "ನೋವಲ್ಲಿ ಹೇಳಿದ್ದು. ಕೊನೇ ಸಲ ಎಲ್ರೂ ನೋಡ್ತಾರೆ. ಅವಳು ಪೂರ್ತಿಯಾಗಿ ಕಾಣ್ಬೇಕು."

"ಪೂರ್ತಿಯಾಗೇ ಇದ್ಲು ಅವಳು. ನಿಮ್ಮ ಕಣ್ಣಲ್ಲೇ ಅರ್ಧ ಆಗಿದ್ದು."

"ಅವಳು ನನ್ನ ಹೆಂಡ್ತಿ," ಎಂದ ಭಾವ. ದನಿ ಏರಿಸಲಿಲ್ಲ. ಏರಿಸಿದ್ದರೆ ತಂಗಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. "ಹಜಾರದಲ್ಲಿ ಇಷ್ಟು ಜನ ಕೂತಿರೋವಾಗ ಜಗಳ ಬೇಕಾ?"

ದೊಡ್ಡತ್ತಿಗೆ ತಂಗಿಯ ರಟ್ಟೆ ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಹೊರಗೆ ಅಕ್ಕಪಕ್ಕದವರು ಕುತ್ತಿಗೆ ಉದ್ದ ಮಾಡಿ ಕೂತಿದ್ದರು. ಹೆಣದ ಮುಂದೆ ಕೈಕೈ ಮಿಲಾಯಿಸಿದರು ಎಂಬ ಮಾತು ಅಕ್ಕನ ಹೆಸರಿಗೇ ಅಂಟುತ್ತದೆ ಎಂದು ತಂಗಿ ಹಲ್ಲು ಕಚ್ಚಿ ಹೊರಬಂದಳು. ತಿರುಗಿ ನೋಡಿದಾಗ ಭಾವ ಮಂಚದ ಕಾಲ ಬುಡದಲ್ಲಿ ನಿಂತು, ತಲೆ ಓರೆ ಮಾಡಿ, ಎರಡೂ ಕಡೆ ಸಮವಾಗಿದೆಯೇ ಎಂದು ನೋಡುತ್ತಿದ್ದ. ಆಮೇಲೆ ಬಗ್ಗಿ ಎಡಗಡೆಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿದ.

* * *

ಐದು ವರ್ಷದ ಹಿಂದೆ ಡಾಕ್ಟರ ಕೋಣೆಯಲ್ಲಿ ಮೂರು ಕುರ್ಚಿ ಹಾಕಿದ್ದರು. ನಡುವೆ ಅಕ್ಕ, ಆಚೆ ಭಾವ, ಈಚೆ ತಂಗಿ. ಡಾಕ್ಟರು ಒಳ್ಳೆಯವರೇ. ಎಲ್ಲವನ್ನೂ ಬಿಡಿಸಿ ಹೇಳಿದರು.

"ಎದೆ ತೆಗೆಯಲೇಬೇಕು. ಆಮೇಲೆ ರೇಡಿಯೇಷನ್ನೂ ಬೇಕು. ಆ ಜಾಗಕ್ಕೆ ಇಂಪ್ಲಾಂಟ್ ಇಡಬಹುದು, ಎಷ್ಟೋ ಜನಕ್ಕೆ ಚೆನ್ನಾಗಿ ಕೂತ್ಕೊಳ್ಳುತ್ತೆ. ಆದ್ರೆ ರೇಡಿಯೇಷನ್ ಆದ ಕಡೆ ತೊಂದ್ರೆ ಜಾಸ್ತಿ. ಸುತ್ತ ಗಟ್ಟಿಯಾಗಬಹುದು, ಸೋಂಕಾಗಬಹುದು, ಕೆಲವರಿಗೆ ತೆಗೀಲೇಬೇಕಾಗುತ್ತೆ. ಏನೂ ಇಡದೆ ಹಾಗೇ ಹೊಲಿದು ಬಿಡೋದೂ ಒಂದು ದಾರಿ. ನಿಮಗೆ ಯಾವುದು ಬೇಕು, ಯೋಚನೆ ಮಾಡಿ."

ಅಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ಅದಿಟ್ಕೊಂಡು ಹಿಟ್ಟು ನಾದೋಕಾಗುತ್ತಾ ಡಾಕ್ಟ್ರೇ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಭಾವ ಹೇಳಿದ. "ಇಡಿ ಡಾಕ್ಟ್ರೇ. ಯೋಚನೆ ಮಾಡೋದೇನಿದೆ? ಅವಳು ಮೊದಲಿನ ಹಾಗೇ ಇರ್ಬೇಕು ನಂಗೆ."

"ಅವಳು ಕೇಳಿದ್ದಕ್ಕೆ ಉತ್ತರ ಬರ್ಲಿ ಭಾವ," ಎಂದಳು ತಂಗಿ.

"ಇದು ಗಂಡ ಹೆಂಡ್ತಿ ವಿಷಯ."

ಡಾಕ್ಟರು ಅಕ್ಕನ ಕಡೆಗೇ ನೋಡಿ, ನೀವು ಹೇಳಿ ಎಂದರು. ಅಕ್ಕ ಗಂಡನ ಮುಖ ನೋಡಿದಳು. ಅವನ ಕಣ್ಣು ಒದ್ದೆಯಾಗಿತ್ತು. ಕ್ಯಾನ್ಸರು ಬಂದದ್ದು ಇವಳಿಗೆ, ಸಮಾಧಾನ ಬೇಕಾದದ್ದು ಅವನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಯಾರು ಕಟ್ಟಿದರೋ, ಅವರು ಅವತ್ತು ಆ ಕೋಣೆಯಲ್ಲಿ ಇರಬೇಕಿತ್ತು. ಅಕ್ಕ "ಆಗ್ಲಿ" ಅಂದಳು.

ಅವಳು ಕೇಳಿದ ಪ್ರಶ್ನೆಗೆ ಉತ್ತರ ಬಂದದ್ದು ಎಲ್ಲ ಮುಗಿದ ಮೇಲೆ, ಹೊಲಿಗೆ ಬಿಚ್ಚುವಾಗ. ಇಂಪ್ಲಾಂಟ್ ಇರುವುದು ಎದೆಯ ಸ್ನಾಯುವಿನ ಕೆಳಗೆ; ಕೈಯಿಂದ ಏನನ್ನಾದರೂ ಬಲವಾಗಿ ಒತ್ತಿದರೆ ಆ ಸ್ನಾಯುವೇ ಬಿಗಿಯುವುದು. ನಾದುವ ಕೆಲಸವೆಂದರೆ ಬೆಳಗಿನಿಂದ ಸಂಜೆಯವರೆಗೆ ಒತ್ತುವುದೇ.

* * *

ಹಜಾರದಲ್ಲಿ ಪೆಟ್ಟಿಗೆ ಇಟ್ಟು ಅಕ್ಕನನ್ನು ಮಲಗಿಸಿದ್ದರು. ತಿಳಿನೀಲಿ ಉಡುಪು, ಕುತ್ತಿಗೆಯವರೆಗೆ ಗುಂಡಿ. ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ. ಜನ ಒಬ್ಬೊಬ್ಬರಾಗಿ ಬಂದು ನೋಡಿ ಗೋಡೆ ಪಕ್ಕ ಸರಿದು ಪಿಸುಗುಡುತ್ತಿದ್ದರು.

"ಎಷ್ಟು ಲಕ್ಷಣವಾಗಿ ಕಾಣ್ತಾಳಲ್ಲ," ಎಂದಳು ಮೇಲಿನ ಮನೆಯಾಕೆ. "ಕಾಯಿಲೆ ಬಿದ್ದೋಳು ಅನ್ನಿಸೋದೇ ಇಲ್ಲ."

"ಗಂಡ ನೋಡ್ಕೊಂಡಿದ್ದು ಹಾಗೆ. ಕೈಯಲ್ಲಿಟ್ಟುಕೊಂಡು ಸಾಕಿದ," ಎಂದಳು ದೊಡ್ಡತ್ತಿಗೆ.

ತಂಗಿಗೆ ಮೈಯೆಲ್ಲ ಉರಿಯಿತು. ಕಾಯಿಲೆ ಬಿದ್ದವಳೆಂದು ಅನ್ನಿಸಲೇಬಾರದಂತೆ. ಹಾಗಾದರೆ ಅವಳು ಪಟ್ಟದ್ದೆಲ್ಲ ಎಲ್ಲಿಗೆ ಹೋಯಿತು, ಯಾರ ಹೊಟ್ಟೆಗೆ ಹೋಯಿತು? ಜಾಲರಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಳು. ಪೆಟ್ಟಿಗೆಯ ಬಳಿಯೇ ನಿಂತಿದ್ದರೆ ಯಾರನ್ನಾದರೂ ಬೈದುಬಿಡುತ್ತೇನೆಂದು ಅವಳಿಗೆ ಭಯವಾಗಿತ್ತು.

ಆ ಹೊತ್ತಿಗೆ ಬೇಕರಿಯವರು ಬಂದರು. ಮುಂದೆ ಭಟ್ಟಿ ಮೇಸ್ತ್ರಿ. ಬಾಗಿಲು ತುಂಬುವಂಥ ಆಳು. ಭಟ್ಟಿಯ ಬಿಸಿಗೆ ಹುಬ್ಬಿನ ಕೂದಲೆಲ್ಲ ಸುಟ್ಟು ಹೋಗಿ ಸದಾ ಆಶ್ಚರ್ಯಪಟ್ಟವನ ಹಾಗೆ ಕಾಣುತ್ತಿದ್ದ. ಪೆಟ್ಟಿಗೆಯ ಮುಂದೆ ಟೋಪಿ ತೆಗೆದು ಬಹಳ ಹೊತ್ತು ನಿಂತ. ಆಮೇಲೆ ತಂಗಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ತಂಗಮ್ಮ, ನಮ್ಮಕ್ಕ ಹೀಗಿರ್ಲಿಲ್ಲವಲ್ಲ."

"ಇಲ್ಲ."

"ಯಾರು ಮಾಡಿದ್ದು ಇದನ್ನ?"

ತಂಗಿ ಗಲ್ಲ ಎತ್ತಿ ಭಾವನ ಕಡೆ ತೋರಿಸಿದಳು. ಭಾವ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿಯುತ್ತಿದ್ದ. ಮೇಸ್ತ್ರಿ ಟೋಪಿಯನ್ನು ಕೈಯಲ್ಲಿ ಹಿಂಡಿದ.

"ದುಃಖ ಇರುತ್ತೆ ಅವ್ರಿಗೂ. ಸಾವಿನ ಮನೆ, ನಾನೇನು ಹೇಳ್ಲಿ?" ಎಂದು ಸರಿದು ಹೋದ. ಒಳ್ಳೆಯವರೆಲ್ಲ ಹೀಗೆಯೇ. ಸಾವಿನ ಮನೆ ಎಂದು ಸುಮ್ಮನಾಗುತ್ತಾರೆ, ಬದುಕಿರುವ ಮನೆ ಎಂದೂ ಸುಮ್ಮನಾಗುತ್ತಾರೆ.

* * *

ಇಂಪ್ಲಾಂಟಿಗೆ ಅಕ್ಕನೇ ಇಟ್ಟ ಹೆಸರು ಬಾಡಿಗೆದಾರ.

"ಎಡಗಡೆ ಒಬ್ಬ ಬಾಡಿಗೆದಾರ ಬಂದಿದಾನೆ ಕಣೆ. ಬಾಡಿಗೆ ಕೊಡಲ್ಲ, ಮಾತಾಡ್ಸಿದ್ರೆ ಮಾತಾಡಲ್ಲ, ಸದಾ ತಣ್ಣಗೆ ಕೂತಿರ್ತಾನೆ."

ಅವಳು ಹಿಟ್ಟು ಒತ್ತಿದಾಗಲೆಲ್ಲ ಅವನು ಅಂಗಿಯೊಳಗೆ ಪಕ್ಕಕ್ಕೆ ಹಾರುತ್ತಿದ್ದ. ಮೊದಮೊದಲು ಅವಳೇ ತೋರಿಸಿ ಬೇಕರಿಯವರನ್ನು ನಗಿಸಿದಳು. ರೇಡಿಯೇಷನ್ ಮುಗಿದು ಕೆಲವು ತಿಂಗಳಿಗೆ ಸುತ್ತಲೂ ಬಿಗಿಯತೊಡಗಿತು. ಒಣಗಿದ ಬನ್ನಿನ ಹಾಗೆ ಗಟ್ಟಿಯಾಗಿ, ದಿನದಿನಕ್ಕೆ ಮೇಲೇರಿ ಕತ್ತಿನ ಬುಡದ ಮೂಳೆಯ ಹತ್ತಿರ ಬಂದು ಕೂತಿತು. ಎಡಕ್ಕೆ ಹೊರಳಿ ಮಲಗುವಂತಿರಲಿಲ್ಲ. ತೋಳು ಎತ್ತಿದರೆ ನೋವು. ಮೇಲಿನ ಚರ್ಮಕ್ಕೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ, ಚಿವುಟಿದರೂ ಇಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗೊಬ್ಬ ಟೀಚರು ಪರಿಚಯವಾಗಿದ್ದಳು. ಇಬ್ಬರಿಗೂ ಒಂದೇ ತಿಂಗಳು ಆಪರೇಷನ್. ಟೀಚರದು ಸೊಗಸಾಗಿ ಕೂತಿತ್ತು. ಇದೆ ಅನ್ನೋದೇ ಮರೆತುಹೋಗುತ್ತೆ, ಕನ್ನಡಿ ನೋಡಿದ್ರೆ ಖುಷಿಯಾಗುತ್ತೆ ಎಂದಿದ್ದಳಂತೆ. ಅಕ್ಕ ಅದನ್ನು ಹೇಳುವಾಗ ಹೊಟ್ಟೆಕಿಚ್ಚು ಒಂದು ಸಾಸಿವೆಯಷ್ಟೂ ಇರಲಿಲ್ಲ.

"ಅವಳು ತಾನೇ ಕೇಳಿ ಇಡಿಸ್ಕೊಂಡಿದ್ದು ಕಣೆ," ಎಂದಿದ್ದಳು. "ನಂದು ಹಾಗಲ್ಲ."

ಒಂದು ಮಧ್ಯಾಹ್ನ ಅಕ್ಕ ಭಟ್ಟಿಯ ಮುಂದೆ ಬಗ್ಗಿ, ಹಿಂದಿನ ಸಾಲಿನ ಟ್ರೇ ಎಳೆಯುತ್ತಿದ್ದಳು. ಸೀದ ವಾಸನೆ ಬಂತು. "ಮೇಸ್ತ್ರಿ, ನಿಮ್ಮ ಬ್ರೆಡ್ಡು ಸೀಯ್ತಿದೆ ನೋಡಿ," ಎಂದು ರೇಗಿದಳು. ಮೇಸ್ತ್ರಿ ತಿರುಗಿದ. ಹೊಗೆ ಬರುತ್ತಿದ್ದದ್ದು ಅವಳ ಎದೆಯಿಂದ. ಮುಂದಿನ ಟ್ರೇಯ ಕಾದ ಅಂಚು ಎಡಗಡೆ ಒತ್ತಿಕೊಂಡು, ಏಪ್ರನ್ನು ಸುಟ್ಟು, ಅಂಗಿ ಸುಟ್ಟು, ಚರ್ಮಕ್ಕೆ ಇಳಿದಿತ್ತು. ಅವಳು ಇನ್ನೂ ಬ್ರೆಡ್ಡಿನ ಕಡೆಗೇ ನೋಡುತ್ತಿದ್ದಳು. ಮೇಸ್ತ್ರಿ ಅವಳನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದ.

ಗಾಯ ಮಾಯಲಿಲ್ಲ. ಕೀವಾಯಿತು, ಜ್ವರ ಬಂತು, ಸೋಂಕು ಒಳಗಿಳಿಯಿತು. ಮತ್ತೆ ಆಪರೇಷನ್, ಬಾಡಿಗೆದಾರ ಹೊರಗೆ. ಪಕ್ಕೆಯಲ್ಲಿ ಕೊಳವೆ ಸಿಕ್ಕಿಸಿಕೊಂಡು, ಬಿಳಿಚಿಕೊಂಡು ಮಲಗಿದ್ದವಳ ತಲೆಯ ಮೇಲಿಂದ ಭಾವ ಡಾಕ್ಟರನ್ನು ಕೇಳಿದ.

"ಹೊಸದು ಯಾವಾಗ ಇಡ್ತೀರಾ?"

"ಇಡಲ್ಲ," ಎಂದಳು ಅಕ್ಕ.

ಅಷ್ಟು ಸಣ್ಣ ದನಿಯಲ್ಲಿ ಅಷ್ಟು ಗಟ್ಟಿ ಮಾತನ್ನು ತಂಗಿ ಎಂದೂ ಕೇಳಿರಲಿಲ್ಲ.

"ಮನೆ ಖಾಲಿ ಮಾಡಿಸಿ ಆಯ್ತು. ಗೋಡೆ ಎಲ್ಲ ಹಾಳು ಮಾಡಿ ಹೋಗಿದಾನೆ. ಇನ್ನು ಯಾರಿಗೂ ಕೊಡಲ್ಲ."

ಆಮೇಲಿನ ಒಂದೂವರೆ ವರ್ಷ ಅಕ್ಕ ಚೆನ್ನಾಗಿದ್ದಳು. ಎಡಗಡೆ ನುಣ್ಣಗೆ, ಒಂದು ಓರೆ ಗಾಯದ ಗೆರೆ. ಎಡಕ್ಕೆ ಹೊರಳಿ ಗೊರಕೆ ಹೊಡೆದಳು. ಹಿಟ್ಟಿನ ಮೇಜಿಗೆ ಮೊದಲಿಗಿಂತ ಹತ್ತಿರ ನಿಂತು ನಾದಿದಳು. ಭಾವ ಆ ಪ್ಯಾಡು ತಂದುಕೊಟ್ಟಾಗ ಜಗಳ ಮಾಡಲಿಲ್ಲ. ಅವನ ಜೊತೆ ಹೊರಗೆ ಹೋಗುವಾಗ ಮಾತ್ರ ಸಿಕ್ಕಿಸಿಕೊಳ್ಳುತ್ತಿದ್ದಳು, ಬಂದ ಕೂಡಲೇ ತೆಗೆದು ಡಬ್ಬಿಗೆ ಹಾಕುತ್ತಿದ್ದಳು.

"ಯಾಕೆ ಹಾಕ್ಕೋತೀಯಾ? ನಿಂಗೇನು ಹುಚ್ಚಾ?" ಎಂದು ತಂಗಿ ರೇಗಿದ್ದಳು.

"ಅವ್ರಿಗೆ ಭಯ ಕಣೆ. ನನ್ನ ಎದೆ ನೋಡಿದ್ರೆ ಕಾಯಿಲೆ ನೆನಪಾಗುತ್ತೆ ಅವ್ರಿಗೆ."

"ನಿಂಗೆ ನೆನಪಾಗಲ್ವಾ?"

ಅಕ್ಕ ನಕ್ಕಳು. "ನಂಗೆ ನಾನು ಬದುಕಿದೀನಿ ಅನ್ನೋದು ನೆನಪಾಗುತ್ತೆ. ಸಾಯೋವರೆಗೆ ಅವ್ರ ಭಯ ನಾನು ನೋಡ್ಕೋತೀನಿ. ಸತ್ತ ಮೇಲೆ ಅವ್ರ ಭಯ ಅವ್ರೇ ನೋಡ್ಕೊಳ್ಳಲಿ."

* * *

ಅಡುಗೆಮನೆಯಲ್ಲಿ ಮಗಳು ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ತಂಗಿ ನಲ್ಲಿ ನಿಲ್ಲಿಸಿದಳು.

"ನಿಮ್ಮಮ್ಮ ನಂಗೊಂದು ಮಾತು ಹೇಳಿದ್ಲು ಕಂದಾ."

"ನಂಗೊತ್ತು. ನಂಗೂ ಹೇಳಿದ್ಲು."

"ಮತ್ತೆ ಕಾಲುಚೀಲ ಯಾಕೆ ಕೊಟ್ಟೆ?"

ಹುಡುಗಿ ಲೋಟದೊಳಗೆ ನೋಡಿದಳು. "ಅಪ್ಪ ಅಳ್ತಿದ್ರು. ಅಪ್ಪ ಅತ್ತಾಗ ಅಮ್ಮ ಯಾವಾಗ್ಲೂ ಆಗ್ಲಿ ಅಂತಿದ್ಲು. ನಾನೂ ಅಂದೆ."

ತಂಗಿಗೆ ಭಾವನ ಮೇಲಿನ ಸಿಟ್ಟು ಇಲ್ಲಿಯವರೆಗೆ ಕುದಿಯುತ್ತಿತ್ತು, ಈಗ ಗಟ್ಟಿಯಾಯಿತು. ಅಕ್ಕನ ಬಾಯಿಂದ ಆಗ್ಲಿ ಎನ್ನಿಸಿಕೊಂಡದ್ದು ಸಾಲದೆ, ಆ ಮಾತು ಮಗಳ ನಾಲಿಗೆಗೂ ದಾಟಿತ್ತು. ಇವತ್ತು ಸುಮ್ಮನಿದ್ದರೆ ನಾಳೆ ಈ ಹುಡುಗಿ ಇನ್ನೆಷ್ಟು ಜನರ ಕಣ್ಣೀರಿಗೆ ಆಗ್ಲಿ ಅನ್ನಬೇಕಾಗುತ್ತದೋ.

"ನಿಂಗೇನನ್ಸುತ್ತೆ? ಅಪ್ಪಂಗಲ್ಲ, ಅತ್ತೆಗಲ್ಲ. ನಿಂಗೆ."

"ಅಲ್ಲಿ ಮಲಗಿರೋದು ಅಮ್ಮನ ಹಾಗಿಲ್ಲ," ಎಂದಳು ಮಗಳು. "ತಬ್ಬಿಕೊಳ್ಳೋಕೆ ಹೋದೆ. ಆಗ್ಲಿಲ್ಲ."

ಹಜಾರದಿಂದ ದೊಡ್ಡತ್ತಿಗೆಯ ದನಿ ಕೇಳಿಸಿತು. ವ್ಯಾನು ಬಂತು, ಎಲ್ಲರೂ ಬೀದಿಗೆ ಇಳಿಯಿರಿ, ಮನೆಯವರು ಕೊನೆಯ ಸಲ ಮುಖ ನೋಡಲಿ, ಆಮೇಲೆ ಮುಚ್ಚಳ. ಜನ ಚಪ್ಪಲಿ ಹುಡುಕುತ್ತ ಹೊರಟರು. ಭಾವ ವ್ಯಾನಿನವನೊಡನೆ ಮಾತಾಡಲು ಮೆಟ್ಟಿಲಿಳಿದ. ದೊಡ್ಡತ್ತಿಗೆ ಹೂವಿನ ಬುಟ್ಟಿ ತರಲು ಜಗಲಿಗೆ ಹೋದಳು. ತಂಗಿ ಹಜಾರಕ್ಕೆ ಬಂದಳು. ಪೆಟ್ಟಿಗೆಯ ಹತ್ತಿರ ಈಗ ಯಾರೂ ಇರಲಿಲ್ಲ.

ಅವಳ ಬೆನ್ನ ಹಿಂದೆ ಬಾಗಿಲಿನ ಚಿಲಕ ಬಿತ್ತು. ಹಾಕಿದವಳು ಮಗಳು. ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಅಂಗೈ ಹಲಗೆಗೆ ಒತ್ತಿ ನಿಂತಿದ್ದಳು.

"ಬೇಗ ಚಿಕ್ಕಮ್ಮ."

ತಂಗಿಯ ಬೆರಳುಗಳಿಗೆ ಗುಂಡಿ ಸಿಕ್ಕುತ್ತಿರಲಿಲ್ಲ. ಸ್ಟೀರಿಂಗು ತಿರುಗಿಸುವ ಕೈಗಳು ಅವು, ಇಷ್ಟು ಸಣ್ಣ ಗುಂಡಿಗಳ ಅಭ್ಯಾಸವಿರಲಿಲ್ಲ. ಒಂದು, ಇನ್ನೊಂದು, ಮತ್ತೊಂದು. ಒಳಂಗಿಯ ಹಿಂಭಾಗವನ್ನು ಪಿನ್ನು ಹಾಕಿ ಬಿಗಿದಿದ್ದರು. ಸತ್ತವಳ ಬೆನ್ನಿಗೂ ಪಿನ್ನು. ಅಕ್ಕನ ಭುಜದಡಿ ಕೈ ತೂರಿಸಿ ಅದನ್ನು ಬಿಚ್ಚುವಾಗ ತಂಗಿ ಬಾಯಿಗೆ ಬಂದದ್ದನ್ನೆಲ್ಲ ಬೈದಳು; ಬಸ್ಸಿನಲ್ಲೂ ಅವಳು ಅಷ್ಟು ಬೈದಿರಲಿಲ್ಲ.

ಬಾಗಿಲು ತಟ್ಟಿದರು. "ಯಾರು ಚಿಲಕ ಹಾಕಿದ್ದು? ತೆಗೀರಿ," ಎಂದು ದೊಡ್ಡತ್ತಿಗೆ ಕೂಗಿದಳು. ಆಮೇಲೆ ಭಾವನ ದನಿ. "ಪುಟ್ಟಾ, ಬಾಗಿಲು ತೆಗಿ ಕಂದಾ. ಅಪ್ಪ ಕಣೋ."

ಮಗಳ ಅಂಗೈಗಳು ಹಲಗೆ ಬಿಡಲಿಲ್ಲ. "ಸ್ವಲ್ಪ ಹೊತ್ತು ಅಪ್ಪ," ಎಂದಳು.

ಪ್ಯಾಡು ಹೊರಗೆ ಬಂತು. ತಂಗಿ ಒಳಂಗಿಯನ್ನೂ ತೆಗೆದು ಎಸೆದಳು. ಗುಂಡಿಗಳನ್ನು ಮತ್ತೆ ಹಾಕಿದಾಗ ತಿಳಿನೀಲಿ ಬಟ್ಟೆ ಎಡಗಡೆ ಪಕ್ಕೆಲುಬಿನ ಮೇಲೆ ನೇರ ಬಿತ್ತು. ಅಕ್ಕ ಮತ್ತೆ ಅಕ್ಕನಾದಳು. ಮಗಳು ಬಾಗಿಲು ಬಿಟ್ಟು ಓಡಿ ಬಂದು ಅಮ್ಮನ ಎಡಗಡೆಗೆ ಕೆನ್ನೆ ಒತ್ತಿ ಒಂದು ಕ್ಷಣ ಹಾಗೇ ಇದ್ದಳು. ಆಮೇಲೆ ತಾನೇ ಹೋಗಿ ಚಿಲಕ ತೆಗೆದಳು.

ಬಾಗಿಲು ತೆರೆದಾಗ ಭಾವ, ದೊಡ್ಡತ್ತಿಗೆ, ಅವರ ಹಿಂದೆ ಪೆಟ್ಟಿಗೆ ಹೊರಲು ಬಂದ ಬೇಕರಿಯವರು. ಭಾವ ಪೆಟ್ಟಿಗೆಯ ಕಡೆ ನೋಡಿದ. ಅವನ ಮುಖದ ರಕ್ತ ಇಳಿಯಿತು. ಬಾಯಿ ತೆರೆಯುವಷ್ಟರಲ್ಲಿ ತಂಗಿ ಅವನಿಗೆ ಎದುರಾಗಿ ನಿಂತಳು. ಮೈಯ ಮರೆಯಲ್ಲಿ ಪ್ಯಾಡನ್ನು ಅವನ ಅಂಗೈಗೆ ಒತ್ತಿ ಬೆರಳು ಮಡಿಸಿದಳು.

"ಇದು ನಿಮ್ದು ಭಾವ. ಅವಳದಲ್ಲ. ನೀವೇ ಇಟ್ಕೊಳ್ಳಿ."

ಬೇಕರಿಯವರು ಒಳಗೆ ನುಗ್ಗುತ್ತಿದ್ದರು. ಎಸೆಯಲು ಜಾಗವಿಲ್ಲ, ಹಿಡಿದು ನಿಲ್ಲುವಂತಿಲ್ಲ. ಭಾವ ಗಾಬರಿಯಲ್ಲಿ ಅದನ್ನು ಕೋಟಿನೊಳಗಿನ ಜೇಬಿಗೆ ತುರುಕಿದ. ದೊಡ್ಡತ್ತಿಗೆ ಬುಟ್ಟಿಯ ಹೂವನ್ನೆಲ್ಲ ಅಕ್ಕನ ಎಡಗಡೆ ಸುರಿದು ಗುಡ್ಡೆ ಮಾಡಿದಳು. ಮಗಳು ಬಗ್ಗಿ ಒಂದೊಂದೇ ಹಿಡಿ ತೆಗೆದು ಅಮ್ಮನ ಕಾಲಿನ ಕಡೆಗೆ ಹಾಕಿದಳು.

"ಏನೇ ಇದು?" ಎಂದಳು ದೊಡ್ಡತ್ತಿಗೆ.

"ಅಮ್ಮಂಗೆ ಭಾರ ಆಗುತ್ತೆ ಅತ್ತೆ."

ಮೇಸ್ತ್ರಿ ಅಕ್ಕನನ್ನು ಒಮ್ಮೆ ನೋಡಿದ. ಸುಟ್ಟ ಹುಬ್ಬುಗಳ ಕೆಳಗೆ ಅವನ ಕಣ್ಣು ತುಂಬಿತು. "ಹಾಂ, ಇವ್ರೇ ನಮ್ಮಕ್ಕ," ಎಂದು ಮುಚ್ಚಳ ಇಟ್ಟು, ತಲೆಯ ಕಡೆಯ ಹಿಡಿಕೆಗೆ ಭುಜ ಕೊಟ್ಟ.

ಸ್ಮಶಾನದಲ್ಲಿ ವ್ಯಾನು ನಿಂತ ಮೇಲೆ ಗುಂಡಿಯವರೆಗೆ ನಡೆಯಬೇಕಿತ್ತು. ಭಾವ ಪೆಟ್ಟಿಗೆಯ ಹಿಂದೆ ನಡೆದ. ಪ್ಯಾಡು ತೂಕದ್ದು, ಜೇಬು ತೆಳು. ಕೋಟಿನ ಎಡಗಡೆ ಉಬ್ಬಿ ಜೋತು ಬಿದ್ದಿತ್ತು. ಅವನು ಎಡಗೈಯನ್ನು ಅದರ ಮೇಲೆ ಒತ್ತಿ ಹಿಡಿದು, ಭುಜ ಮುದುರಿಕೊಂಡು, ಯಾರ ಕಡೆಗೂ ತಿರುಗದೆ ಹೆಜ್ಜೆ ಹಾಕುತ್ತಿದ್ದ.

"ಪಾಪ," ಎಂದಳು ಮೇಲಿನ ಮನೆಯಾಕೆ. "ಎದೆ ಮೇಲಿಂದ ಕೈ ತೆಗೀತಾನೇ ಇಲ್ಲ ನೋಡಿ. ಎಷ್ಟು ಸಂಕಟ."

ತಂಗಿ ಮಗಳ ಕೈ ಹಿಡಿದುಕೊಂಡಿದ್ದಳು. ನಗು ಬರಲಿಲ್ಲ. ಸಿಟ್ಟೂ ಇಳಿಯಲಿಲ್ಲ.

ಪೆಟ್ಟಿಗೆ ಇಳಿಸಿದರು. ಮಗಳು ಮಂಡಿಯೂರಿ ಎರಡೂ ಕೈ ತುಂಬ ಮಣ್ಣು ಹಾಕಿದಳು, ತಂಗಿ ಹಾಕಿದಳು, ಬೇಕರಿಯವರು ಹಾಕಿದರು. ಭಾವ ಬಗ್ಗಲಾರದೆ ನಿಂತೇ ಒಂದು ಕೈಯಲ್ಲಿ ಹಾಕಿದ. ಎಲ್ಲ ಮುಗಿದು ಜನ ಸಾಲಾಗಿ ಬಂದು ಅವನನ್ನು ತಬ್ಬಿ ಸಮಾಧಾನ ಹೇಳತೊಡಗಿದರು. ಅವನು ಪ್ರತಿಯೊಬ್ಬರಿಗೂ ಒಂದು ಹೆಜ್ಜೆ ಹಿಂದೆ ಸರಿದು ಬಲಗೈ ಚಾಚಿದ. ಜನ ಕೈ ಹಿಡಿದು ಸರಿದರು.

ಮೇಸ್ತ್ರಿಗೆ ಕೈ ಹಿಡಿದು ಅಭ್ಯಾಸವಿರಲಿಲ್ಲ. ಚಾಚಿದ ಕೈಯನ್ನು ದಾಟಿ ಬಂದು ಎರಡೂ ತೋಳಿನಲ್ಲಿ ಭಾವನನ್ನು ಬಾಚಿ ಎದೆಗೆ ಒತ್ತಿಕೊಂಡ. ಒತ್ತಿಕೊಂಡವನು ಹಾಗೇ ನಿಂತ. ಅವನ ತೋಳುಗಳು ನಿಧಾನವಾಗಿ ಸಡಿಲವಾದವು. ಒಂದು ಹೆಜ್ಜೆ ಹಿಂದೆ ಸರಿದು ಭಾವನ ಕೋಟಿನ ಎಡಗಡೆ ನೋಡಿದ, ಆಮೇಲೆ ಮುಖ ನೋಡಿದ, ಮತ್ತೆ ಕೋಟು ನೋಡಿದ. ಮೇಸ್ತ್ರಿಯ ಹಿಂದೆ ಸಾಲಿನಲ್ಲಿದ್ದವರೂ ಅವನು ನೋಡುತ್ತಿದ್ದ ಕಡೆಗೆ ತಿರುಗಿದರು. ಭಾವ ಎರಡೂ ಕೈಗಳನ್ನು ಅಡ್ಡ ಮಾಡಿ ತನ್ನ ಎದೆ ಮುಚ್ಚಿಕೊಂಡ.